ಎಂಟು ವಾರದ ಹೊರದೇಶದ ಸೇವೆಗೆ ಹೊರಟ ಯೌವನಸ್ಥರಿಗೆ ಏನೇನು ಹೇಳಿ ಕಳಿಸಬೇಕು?

ಪ್ರಶ್ನೆ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಮೂವರು ಯೌವನಸ್ಥರು, 19ರಿಂದ 22 ವರ್ಷದವರು, ಬೇಸಿಗೆ ರಜೆಯಲ್ಲಿ ಎಂಟು ವಾರ ಹೊರದೇಶದಲ್ಲಿ ಮಿಷನ್ ಇಂಟರ್ನ್‌ಗಳಾಗಿ ಸೇವೆ ಮಾಡಲು ಆಯ್ಕೆಯಾಗಿದ್ದಾರೆ. ಹೊರಡಲು ಇನ್ನು ಐದು ತಿಂಗಳಿದೆ. ಪ್ರಾರ್ಥನೆ ನಡೆಯುತ್ತಿದೆ. ಈಗ ಬೇಕಿರುವುದು ಕೆಲಸದ ವಿವರ. ಯಾವುದನ್ನು ಮೊದಲು ಹಿಡಿಯಬೇಕು, ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ? ಇಂಥ ಯೌವನಸ್ಥರನ್ನು ಕಳಿಸಿದವರು, ಬರಮಾಡಿಕೊಂಡವರು ದಯವಿಟ್ಟು ತಿಳಿಸಿ.

ಕಾಗದಪತ್ರದ ಕೆಲಸ ನೋಡಿಕೊಳ್ಳುವವರಿಂದ

ಸಿಸ್ಟರ್, ಇವತ್ತೇ ಮೂರೂ ಪಾಸ್‌ಪೋರ್ಟ್ ಕೈಗೆ ತೆಗೆದುಕೊಂಡು ಅವಧಿ ಮುಗಿಯುವ ದಿನಾಂಕ ನೋಡಿ. ಎಷ್ಟೋ ದೇಶಗಳು ಆರು ತಿಂಗಳ ಅವಧಿ ಬಾಕಿ ಇರಬೇಕು ಅನ್ನುತ್ತವೆ. ಕೆಲವು ಅದನ್ನು ಒಳಬರುವ ದಿನದಿಂದ ಎಣಿಸುತ್ತವೆ, ಕೆಲವು ಹೊರಡುವ ದಿನದಿಂದ. ವಾಪಸ್ ಬರುವ ದಿನದಿಂದಲೇ ಲೆಕ್ಕ ಹಾಕಿಬಿಟ್ಟರೆ ಗೊಂದಲವಿಲ್ಲ. ಎರಡು ಪುಟವಾದರೂ ಖಾಲಿ ಇರಲಿ. ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಬಿಡಿಸಿ ಬರೆದ ಹೆಸರು ಇದ್ದರೆ ಚೆಕ್-ಇನ್ ಕೌಂಟರ್‌ನಲ್ಲೇ ತೊಡಕಾಗುತ್ತದೆ.

ವೀಸಾ ವಿಷಯದಲ್ಲಿ ಬಹಳ ಜನ ತಪ್ಪುತ್ತಾರೆ. "ಸಂಬಳ ತಗೊಳ್ಳಲ್ಲವಲ್ಲ, ಟೂರಿಸ್ಟ್ ವೀಸಾ ಸಾಕು" ಅನ್ನುವುದು ಸರಿಯಲ್ಲ. ಸಂಬಳವಿಲ್ಲದ ಸ್ವಯಂಸೇವೆಗೂ, ಧಾರ್ಮಿಕ ಕೆಲಸಕ್ಕೂ ಬೇರೆಯೇ ವೀಸಾ ಕೇಳುವ ದೇಶಗಳಿವೆ. ಬರಮಾಡಿಕೊಳ್ಳುವ ಸಭೆ ಅಥವಾ ಸಂಸ್ಥೆಯಿಂದ ಆಹ್ವಾನ ಪತ್ರ ತರಿಸಿ. ಅದರಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ, ಬರುವ-ಹೋಗುವ ದಿನಾಂಕ, ಮಾಡುವ ಕೆಲಸ, ಉಳಿಯುವ ವಿಳಾಸ, ಖರ್ಚು ಯಾರದು ಎಂಬುದೆಲ್ಲ ಇರಬೇಕು. ಇಮಿಗ್ರೇಷನ್ ಮೇಜಿನ ಮುಂದೆ ಮೂವರೂ ಹೇಳುವ ಮಾತು ಆ ಪತ್ರಕ್ಕೆ ಹೊಂದಬೇಕು, ಮತ್ತು ಆ ಮಾತು ನಿಜವಾಗಿರಬೇಕು. ಸುವಾರ್ತೆಗಾಗಿ ಹೋಗುವವರು ಬಾಗಿಲಲ್ಲೇ ಸುಳ್ಳು ಹೇಳಿ ಒಳಗೆ ಹೋಗುವುದು ಬೇಡ.

ಆ ದೇಶದ ಕಾನೂನನ್ನೂ ಮೊದಲೇ ಓದಿಸಿ. ನೇಪಾಳವನ್ನೇ ನೋಡಿ: 2015ರ ಸಂವಿಧಾನದ 26ನೇ ವಿಧಿ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರಲ್ಲಿ ಜಾರಿಗೆ ಬಂದ ದಂಡ ಸಂಹಿತೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, ಹೊರದೇಶದವರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಅಂಥ ಕಡೆ ಇಂಟರ್ನ್‌ಗಳು ಸ್ಟೇಟಸ್‌ನಲ್ಲಿ ಹಾಕಿದ ಒಂದು ಫೋಟೋದಿಂದ ತೊಂದರೆ ಅನುಭವಿಸುವುದು ಅಲ್ಲಿನ ವಿಶ್ವಾಸಿಗಳು. ಇಂಟರ್ನ್‌ಗಳು ಅಷ್ಟರಲ್ಲಿ ವಿಮಾನ ಹತ್ತಿರುತ್ತಾರೆ. ಯಾವ ಪದ ಬಳಸಬೇಕು, ಏನನ್ನು ಪೋಸ್ಟ್ ಮಾಡಬಾರದು ಎಂದು ಅಲ್ಲಿನ ಸೇವಕರನ್ನೇ ಕೇಳಿ, ಅವರು ಹೇಳಿದಂತೆ ನಡೆಯಲಿ.

ವಿಮೆ ಮಾಡಿಸುವಾಗ ಆಸ್ಪತ್ರೆ ಖರ್ಚಿನ ಜೊತೆಗೆ ರೋಗಿಯನ್ನು ಬೇರೆ ಊರಿಗೋ ದೇಶಕ್ಕೋ ಸಾಗಿಸುವ ಖರ್ಚೂ ಸೇರಿದೆಯೇ ನೋಡಿ. ಬೈಕ್ ಅಪಘಾತವನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ಹಳ್ಳಿ ಸೇವೆಯೆಂದರೆ ಬೈಕ್ ಹಿಂದೆ ಕೂರುವುದು ಇದ್ದೇ ಇರುತ್ತದೆ.

ನರ್ಸ್ ಒಬ್ಬರಿಂದ

ಐದು ತಿಂಗಳಿದೆ ಅಂದರೆ ಒಳ್ಳೆಯ ಕಾಲದಲ್ಲೇ ಕೇಳಿದ್ದೀರಿ. ಹೊರಡಲು ಹತ್ತು ದಿನ ಇರುವಾಗ ಬಂದವರಿಗೆ ಎಲ್ಲ ಲಸಿಕೆಯನ್ನೂ ಸಮಯಕ್ಕೆ ಕೊಡಲಾಗುವುದಿಲ್ಲ. ಪ್ರಯಾಣದ ಲಸಿಕೆ ಕೊಡುವ ವೈದ್ಯರನ್ನು ಈ ತಿಂಗಳೇ ಕಾಣಿಸಿ. ಹೋಗುವ ದೇಶದ ಹೆಸರು ಹೇಳಿದರೆ ಸಾಲದು, ಜಿಲ್ಲೆ, ಮಳೆಗಾಲವೋ ಅಲ್ಲವೋ, ಉಳಿಯುವುದು ಪಟ್ಟಣದಲ್ಲೋ ಹಳ್ಳಿಯಲ್ಲೋ ಎಲ್ಲ ಹೇಳಬೇಕು. ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನೂ ಹೇಳಿ, ಹಳದಿ ಜ್ವರದ ಲಸಿಕೆ ಆಗಿರಬೇಕೆಂಬ ನಿಯಮ ಅದರಿಂದಲೂ ಅನ್ವಯಿಸಬಹುದು.

ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿದ ಹತ್ತು ದಿನದ ನಂತರವಷ್ಟೇ ಊರ್ಜಿತ. 2016ರ ಜುಲೈನಿಂದ ಅದು ಜೀವಮಾನಪೂರ್ತಿ ನಡೆಯುತ್ತದೆ. ಟೈಫಾಯಿಡ್ ಚುಚ್ಚುಮದ್ದು ಹೊರಡಲು ಎರಡು ವಾರ ಮೊದಲೇ ಆಗಿರಲಿ. ಹೆಪಟೈಟಿಸ್ ಎ, ಟೆಟನಸ್ ಬೂಸ್ಟರ್ ಕೇಳಿ. ನಾಯಿಗಳಿರುವ ಹಳ್ಳಿಗಾದರೆ ರೇಬೀಸ್ ಮುಂಜಾಗ್ರತೆಯ ಎರಡು ಡೋಸ್, ಏಳು ದಿನದ ಅಂತರದಲ್ಲಿ. ಅದನ್ನು ಹಾಕಿಸಿಕೊಂಡರೂ ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಮಲೇರಿಯಾ ಮಾತ್ರೆಯಲ್ಲಿ ಎಡವುವುದು ಹಿಂತಿರುಗಿದ ಮೇಲೆ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಎರಡು ದಿನ ಮೊದಲು ಶುರುಮಾಡಿ ಬಂದ ಮೇಲೆ ಏಳು ದಿನ, ಎಂಟು ವಾರಕ್ಕೆ ಒಟ್ಟು 65 ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ ನಾಲ್ಕು ವಾರ, ಒಟ್ಟು 86. ಮನೆಗೆ ಬಂದಾಯಿತಲ್ಲ ಎಂದು ನಿಲ್ಲಿಸಿಬಿಟ್ಟರೆ ರಕ್ತದಲ್ಲಿ ಉಳಿದ ಪರಾವಲಂಬಿ ಬೆಳೆಯುತ್ತದೆ. ಡಾಕ್ಸಿಸೈಕ್ಲಿನ್ ನುಂಗಿ ತಕ್ಷಣ ಮಲಗಿದರೆ ಅನ್ನನಾಳ ಸುಡುತ್ತದೆ. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ಕೂತಿರಬೇಕು. ಬಿಸಿಲಿಗೆ ಚರ್ಮವೂ ಬೇಗ ಕೆಂಪಾಗುತ್ತದೆ. ಯಾವ ಮಾತ್ರೆ ಎಂಬುದು ವೈದ್ಯರ ತೀರ್ಮಾನ. ಹಿಂತಿರುಗಿ ಒಂದು ವರ್ಷದೊಳಗೆ ಜ್ವರ ಬಂದರೆ "ಇಂಥ ಕಡೆ ಹೋಗಿದ್ದೆ" ಎಂದು ಮೊದಲು ಹೇಳಬೇಕು, ಅವರು ಕೇಳಲಿ ಎಂದು ಕಾಯಬಾರದು.

ಭೇದಿಗೆ ಓಆರ್‌ಎಸ್ ಪೊಟ್ಟಣ ತಲಾ ಹತ್ತು. ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಬೇಡ. ಔಷಧಿಗಳು ಅಂಗಡಿಯ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲೇ ಇರಲಿ.

ಬರಮಾಡಿಕೊಳ್ಳುವ ಸಭೆಯ ಪಾಸ್ಟರ್ ಒಬ್ಬರಿಂದ

ಮೂವರಿಗೂ ಈ ಒಂದು ಮಾತು ಹೇಳಿ ಕಳಿಸಿ ಸಿಸ್ಟರ್: ಅವರು ಬರುವ ಮುಂಚೆಯೂ ಅಲ್ಲಿ ಸೇವೆ ನಡೆಯುತ್ತಿತ್ತು, ಹೋದ ಮೇಲೂ ನಡೆಯುತ್ತದೆ. ಆದ್ದರಿಂದ "ನಾವು ಏನು ಮಾಡಬೇಕು ಅಂದುಕೊಂಡಿದ್ದೇವೆ" ಎಂದು ಪತ್ರ ಬರೆಯುವ ಮೊದಲು "ಆ ಎಂಟು ವಾರದಲ್ಲಿ ನಿಮಗೆ ಯಾವ ಕೈಗಳು ಬೇಕು" ಎಂದು ಕೇಳಿ. ಉತ್ತರ ಬರೀ ಲೆಕ್ಕದ ಪುಸ್ತಕ ಟೈಪ್ ಮಾಡುವುದೋ, ಕುರ್ಚಿ ಜೋಡಿಸುವುದೋ ಆಗಿರಬಹುದು. ಅದನ್ನೇ ಸಂತೋಷದಿಂದ ಮಾಡುವವರು ಮುಂದಿನ ವರ್ಷವೂ ಬೇಕೆನಿಸುತ್ತಾರೆ.

ಗೋಡೆ ಬಣ್ಣದಂಥ ಕೆಲಸವನ್ನು ಸ್ಥಳೀಯ ಕೂಲಿಗಾರರ ಕೈಯಿಂದ ಕಿತ್ತುಕೊಳ್ಳಬೇಡಿ. ಯಾರಿಗಾದರೂ ಹಣ ಕೊಡಬೇಕೆಂದು ಮನಸ್ಸು ಕರಗಿದರೆ ನೇರವಾಗಿ ಕೊಡದೆ ಸಭೆಯ ಹಿರಿಯರಿಗೆ ಹೇಳಲಿ. ಒಂದು ಮನೆಗೆ ಗುಟ್ಟಾಗಿ ಕೊಟ್ಟ ನೋಟು ಸಂಜೆಯೊಳಗೆ ಹತ್ತು ಮನೆಗೆ ಗೊತ್ತಾಗುತ್ತದೆ, ಆಮೇಲೆ ಉತ್ತರ ಕೊಡಬೇಕಾದವರು ಅಲ್ಲೇ ಉಳಿಯುವವರು. "ಮುಂದಿನ ವರ್ಷ ಬರ್ತೀನಿ", "ಫೀಸ್ ಕಟ್ತೀನಿ" ಎಂಬ ಮಾತಂತೂ ಖಚಿತವಿಲ್ಲದೆ ಬಾಯಿಗೆ ಬರಲೇಬಾರದು.

ತರ್ಜುಮೆ ಮಾಡುವವರಿಂದ

ತರ್ಜುಮೆ ಇದ್ದರೆ ಹೊತ್ತು ಎರಡರಷ್ಟು ಹಿಡಿಯುತ್ತದೆ. ಇಪ್ಪತ್ತು ನಿಮಿಷ ಕೊಟ್ಟರೆ ಹತ್ತು ನಿಮಿಷದ ಮಾತು ಸಿದ್ಧಪಡಿಸಲಿ. ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಹೇಳುವುದು, ಮೂರು ನಿಮಿಷ ಸಾಕು. ಒಂದು ಪೂರ್ತಿ ವಾಕ್ಯ ಹೇಳಿ ನಿಲ್ಲಬೇಕು. ಅರ್ಧದಲ್ಲಿ ನಿಂತರೆ ಕ್ರಿಯಾಪದ ಎಲ್ಲಿ ಇಡಬೇಕೋ ತರ್ಜುಮೆದಾರರಿಗೆ ತಿಳಿಯುವುದಿಲ್ಲ, ಮೂರು ವಾಕ್ಯ ಒಟ್ಟಿಗೆ ಹೇಳಿದರೆ ನಡುವಿನದು ಬಿದ್ದುಹೋಗುತ್ತದೆ. ಸತ್ಯವೇದದ ವಚನಗಳ ಅಧ್ಯಾಯ, ವಚನ ಸಂಖ್ಯೆಯನ್ನು ಹಿಂದಿನ ದಿನವೇ ಬರೆದುಕೊಡಿ, ಅವರು ತಮ್ಮ ಭಾಷೆಯ ಸತ್ಯವೇದದಿಂದಲೇ ಓದುತ್ತಾರೆ.

ನುಡಿಗಟ್ಟು ಬಿಡಬೇಕು. "ಸ್ನೇಹಿತರೆಲ್ಲ ನನಗೆ ಕೈ ಕೊಟ್ಟರು" ಎಂದು ಸಾಕ್ಷಿಯಲ್ಲಿ ಹೇಳಿದ್ದು, ಕೇಳುವವರಿಗೆ ಸ್ನೇಹಿತರೆಲ್ಲ ಕೈಹಿಡಿದು ಸಹಾಯ ಮಾಡಿದರು ಎಂದು ತಲುಪಬಹುದು. ಮೋಸ ಎಂದರೆ ಮೋಸ ಎಂದೇ ಹೇಳಲಿ. ಮಾತಾಡುವಾಗ ಕಣ್ಣು ಜನರ ಮೇಲಿರಲಿ, ತರ್ಜುಮೆದಾರರ ಮೇಲಲ್ಲ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದಗಳು. ಇನ್ನೆರಡು ವಿಷಯ: ಒಂದು ವಾರ ಅನಾಥಾಶ್ರಮದಲ್ಲಿ ಕಾರ್ಯಕ್ರಮ ಇದೆಯಂತೆ. ಮತ್ತೆ, ಪ್ರಯಾಣದ ಖರ್ಚಿಗೆ ಕಾಣಿಕೆ ಕೇಳಲು ಹುಡುಗರು ನಾಚುತ್ತಿದ್ದಾರೆ.

ಮಕ್ಕಳ ಸುರಕ್ಷತೆ ತರಬೇತಿ ಕೊಡುವವರಿಂದ

ಅನಾಥಾಶ್ರಮದ ವಾರವನ್ನು ಬದಲಿಸಲಾಗುತ್ತದೆಯೇ ಕೇಳಿ. ಅಂಥ ಕಡೆ ಇರುವ ಎಷ್ಟೋ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಭೇಟಿ ಕೊಡುವವರ ಹಣ ಹರಿದು ಬಂದಷ್ಟೂ ಮಕ್ಕಳನ್ನು ಮನೆಯಿಂದ ತಂದು ಸೇರಿಸುವುದು ಲಾಭದ ದಾರಿಯಾಗುತ್ತದೆ. ಆಸ್ಟ್ರೇಲಿಯಾ 2018ರಲ್ಲೇ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿದೆ. ಜೊತೆಗೆ, ಐದು ದಿನ ಎತ್ತಿ ಆಡಿಸಿದವರು ಆರನೆಯ ದಿನ ಕಾಣೆಯಾಗುವುದನ್ನು ಆ ಮಕ್ಕಳು ಪ್ರತಿ ಬೇಸಿಗೆ ನೋಡುತ್ತಾರೆ. ಬದಲಿಗೆ ಸ್ಥಳೀಯ ಸಭೆಯ ರಜಾಕಾಲದ ಸತ್ಯವೇದ ಶಾಲೆಯಲ್ಲಿ, ಅಲ್ಲಿನ ಶಿಕ್ಷಕರ ಕೆಳಗೆ ಸಹಾಯ ಮಾಡಲಿ. ಸಂಜೆ ಮಕ್ಕಳು ಅಪ್ಪ ಅಮ್ಮನ ಹತ್ತಿರ ಮನೆಗೆ ಹೋಗುತ್ತಾರೆ.

ಅಲ್ಲಿಯೂ ನಿಯಮ ಬಿಗಿಯಾಗಿರಲಿ. ಮಗುವಿನ ಜೊತೆ ಒಬ್ಬರೇ ಇರಬಾರದು, ಯಾವಾಗಲೂ ಇಬ್ಬರು ದೊಡ್ಡವರು. ಶೌಚಕ್ಕೆ ಕರೆದೊಯ್ಯುವುದು ಸ್ಥಳೀಯ ಶಿಕ್ಷಕರ ಕೆಲಸ. ಪೋಷಕರ ಒಪ್ಪಿಗೆ ಇಲ್ಲದೆ ಫೋಟೋ ಬೇಡ, ಒಪ್ಪಿದರೂ ಹೆಸರು, ಊರು ಹಾಕಬಾರದು. ಮಕ್ಕಳೊಂದಿಗೆ ಫೋನ್ ನಂಬರ್ ವಿನಿಮಯವಂತೂ ಇಲ್ಲವೇ ಇಲ್ಲ.

ಕಾಣಿಕೆಯ ಲೆಕ್ಕ ಇಡುವವರಿಂದ

ನಾಚುವುದಕ್ಕೆ ಕಾರಣವಿಲ್ಲ. ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ ಸ್ಪೇನಿಗೆ ಹೋಗುವ ಪ್ರಯಾಣಕ್ಕೆ ಅವರ ಸಹಾಯ ಕೇಳಿದ್ದಾನೆ. ಒಂದು ಪುಟದ ಪತ್ರ ಸಾಕು: ಎಲ್ಲಿಗೆ, ಯಾರ ಕೈಕೆಳಗೆ, ಏನು ಕೆಲಸ, ಒಟ್ಟು ಎಷ್ಟು ಬೇಕು, ಯಾವ ದಿನಾಂಕದೊಳಗೆ. ಟಿಕೆಟ್, ವೀಸಾ, ವಿಮೆ, ಲಸಿಕೆ, ಊಟ-ವಸತಿ, ಒಳಪ್ರಯಾಣ ಎಂದು ಬಿಡಿಸಿ ಬರೆದು, ಮೇಲೆ ಶೇಕಡ 10 ಸೇರಿಸಿ. ಹಣ ಹುಡುಗರ ಸ್ವಂತ ಖಾತೆಗೆ ಬರಬಾರದು, ಕಳಿಸುವ ಸಭೆಯ ಅಥವಾ ಸಂಸ್ಥೆಯ ಖಾತೆಗೇ ಬಂದು ರಸೀದಿ ಹೋಗಬೇಕು. ಪ್ರಯಾಣ ನಿಂತುಹೋದರೆ ಹಣ ಏನಾಗುತ್ತದೆ ಎಂದು ಪತ್ರದಲ್ಲೇ ಬರೆಯಿರಿ. ಹೆಚ್ಚಿನ ಮನಸ್ತಾಪ ಹುಟ್ಟುವುದು ಆ ಒಂದು ಸಾಲು ಇಲ್ಲದಿರುವುದರಿಂದ.

ಪತ್ರ ತಲುಪಿದ ವಾರದೊಳಗೆ ಖುದ್ದು ಫೋನ್ ಮಾಡಲಿ. ಪ್ರಾರ್ಥನೆ ಮಾತ್ರ ಮಾಡುತ್ತೇವೆ ಎಂದವರ ಹೆಸರನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ಅವರಿಗೂ ಎರಡು ವಾರಕ್ಕೊಮ್ಮೆ ಅಲ್ಲಿಂದ ಹತ್ತು ಸಾಲಿನ ಸುದ್ದಿ ಹೋಗಬೇಕು, ಬಂದ ಮೇಲೆ ಹದಿನೈದು ದಿನದೊಳಗೆ ಲೆಕ್ಕವೂ ಹೋಗಬೇಕು.