ಬೆಳಗ್ಗೆ ಹೊತ್ತು ಮಾತ್ರ ಮೊಂಡು ಹಿಡಿಯುವ ವಿ60 (ಎಚ್‌ಒ, ಅಂದರೆ 1:87 ಅಳತೆಯ ರೈಲು ಮಾಡೆಲ್)

ಸರಸ್ವತಿಪುರಂ ಶಂಟರ್:
ನಮಸ್ಕಾರ. ನನ್ನ ಹತ್ತಿರ ಜರ್ಮನಿಯ ವಿ60 ಶಂಟಿಂಗ್ ಎಂಜಿನ್‌ನ (ಯಾರ್ಡಲ್ಲಿ ವ್ಯಾಗನ್ ಆಚೀಚೆ ಸರಿಸುವ ಎಂಜಿನ್) ಹಳೇ ಮಾಡೆಲ್ ಇದೆ, 12 ವೋಲ್ಟ್ ಡಿಸಿ. ಮೈಸೂರಲ್ಲಿ ಚಳಿ ಶುರುವಾದಾಗಿಂದ ಬೆಳಗ್ಗೆ ಸುಮ್ನೆ ಗುಂಯ್ ಅನ್ನುತ್ತದೆ, ಹೊರಡುವುದಿಲ್ಲ. ಮಧ್ಯಾಹ್ನ ಅದೇ ಎಂಜಿನ್ ನಾಲ್ಕು ವ್ಯಾಗನ್ ಎಳೆದುಕೊಂಡು ಸಲೀಸಾಗಿ ಹೋಗುತ್ತದೆ. ಹಳಿ, ಗಾಲಿ ಎಲ್ಲ ಒರೆಸಿದ್ದೇನೆ. ಮೋಟಾರ್ ಹೋಯ್ತಾ?

ಮಂಡ್ಯ 87:
ಮೋಟಾರ್ ಹೋಗಿದ್ದರೆ ಮಧ್ಯಾಹ್ನವೂ ಓಡುತ್ತಿರಲಿಲ್ಲ ಸರ್. ಗೇರ್‌ಗೆ ಯಾವ ಎಣ್ಣೆ ಬಿಟ್ಟಿದ್ದೀರಿ?

ಸರಸ್ವತಿಪುರಂ ಶಂಟರ್:
ಹೇಳೋಕೆ ನಾಚಿಕೆ. ದೀಪಾವಳಿ ರಜೆಯಲ್ಲಿ ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ.

ಮಂಡ್ಯ 87:
ಸಿಕ್ಕಿಬಿದ್ದ ಕಳ್ಳ! ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ತಲೆಗೆ ಹಚ್ಚುವ ಬಾಟಲಿ ಬೆಳಗ್ಗೆ ನೋಡಿ, ಬೆಣ್ಣೆ ಥರ ಇರುತ್ತದೆ. ಗೇರ್ ಹಲ್ಲುಗಳ ಮಧ್ಯೆ ಕೂತಿರುವುದೂ ಅದೇ. ಅಸಲಿ ವಿ60 ಡೀಸೆಲ್-ಹೈಡ್ರಾಲಿಕ್. 650 ಅಶ್ವಶಕ್ತಿಯನ್ನು ಎಂಜಿನ್‌ನಿಂದ ಗಾಲಿ ಕಡೆಗೆ ದಾಟಿಸುವುದೇ ಟಾರ್ಕ್ ಕನ್ವರ್ಟರ್ ಒಳಗಿನ ಎಣ್ಣೆ. ನಿಮ್ಮದರಲ್ಲಿ ಎಣ್ಣೆಯೇ ಕಾಲು ಹಿಡಿದು ನಿಲ್ಲಿಸಿದೆ, ಪಾಪ.

ಮೋಟಾರ್ ಬಿಚ್ಚಿ ದೂರ ಇಡಿ, ಅದಕ್ಕೆ ನೀರು ತಾಗಬಾರದು. ಗಾಲಿ, ಗೇರ್ ಕಳಚಿ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಟೂತ್‌ಬ್ರಶ್ ಹಾಕಿ ಉಜ್ಜಿ. ರಾತ್ರಿಯಿಡೀ ಒಣಗಲಿ. ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಸೂಜಿ ತುದಿಯಲ್ಲಿ ನಿಲ್ಲುವಷ್ಟು. ಜಾಸ್ತಿ ಬೇಡ.

ಸರಸ್ವತಿಪುರಂ ಶಂಟರ್:
ಇವತ್ತು ಬೆಳಗ್ಗೆ 6ಕ್ಕೇ ಹೊರಟಿತು! ಆದರೆ ಈಗ ಕುಂಟುತ್ತಿದೆ. ಸ್ವಲ್ಪ ಹೋಗುತ್ತದೆ, ತಡೆಯುತ್ತದೆ, ಮತ್ತೆ ಹೋಗುತ್ತದೆ.

ಮಂಡ್ಯ 87:
ಹಳಿ ಪಕ್ಕ ಸ್ಕೇಲ್ ಇಟ್ಟು ನಿಧಾನಕ್ಕೆ ಓಡಿಸಿ. ಪ್ರತಿ ಸಲ ಒಂದೇ ಜಾಗದಲ್ಲಿ ತಡೆದರೆ ತಪ್ಪು ಹಳಿಯದ್ದು. 4.5 ಸೆಂ.ಮೀ.ಗೊಮ್ಮೆ ತಡೆದರೆ ಗಾಲಿಯದ್ದು. ಅಸಲಿ ಗಾಲಿಯ ವ್ಯಾಸ 1250 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 14.4, ಅದನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಸುಮಾರು 45 ಮಿ.ಮೀ.

ಸರಸ್ವತಿಪುರಂ ಶಂಟರ್:
ಕರೆಕ್ಟಾಗಿ ನಾಲ್ಕೂವರೆ!

ಮಂಡ್ಯ 87:
ಹಾಗಾದರೆ ವಾಪಸ್ ಕೂರಿಸುವಾಗ ಯಾವುದೋ ಒಂದು ಜೋಡಿ ಗಾಲಿ ಒಂದು ಹಲ್ಲು ಆಚೀಚೆ ಆಗಿದೆ. ಗೇರ್‌ನಿಂದಲೂ ಮೂರು ಜೋಡಿಗೆ ನಂಟು, ಪಕ್ಕದ ರಾಡ್‌ನಿಂದಲೂ ನಂಟು. ಎರಡೂ ಹೊಂದದಿದ್ದರೆ ಸುತ್ತಿಗೊಮ್ಮೆ ಹಿಡಿಯುತ್ತದೆ, ಅಲ್ವಾ? ರಾಡ್ ಬಿಚ್ಚಿ, ಒಂದು ಬದಿಯ ಗಾಲಿಗಳಲ್ಲಿ ರಾಡ್ ಸಿಕ್ಕಿಸುವ ಮೂರೂ ಪಿನ್ ಒಟ್ಟಿಗೆ ನೇರ ಕೆಳಗೆ ಬರುತ್ತವಾ ನೋಡಿ.

ಸರಸ್ವತಿಪುರಂ ಶಂಟರ್:
ನಡುವಿನ ಜೋಡಿ ಸರ್. ಒಂದೇ ಒಂದು ಹಲ್ಲು. ಈಗ ಆಮೆ ವೇಗದಲ್ಲೂ ತಡೆಯುತ್ತಿಲ್ಲ. ಕೊಬ್ಬರಿ ಎಣ್ಣೆ ಬಾಟಲಿ ಹೆಂಡತಿಗೆ ವಾಪಸ್ ಕೊಟ್ಟೆ.