ಪುಣೆಯಲ್ಲಿ ಬೆಳೆಯುತ್ತಿರುವ ಮಗನಿಗೆ ಅಪ್ಪನ ಮನೆಯ ನೇಪಾಳಿಯನ್ನು ಕಲಿಸುವುದು ಹೇಗೆ?

ಪ್ರಶ್ನೆ: ಧಾರವಾಡದಾಕೆ, ಕೊಥ್ರೂಡ್, ಪುಣೆ

ನಾನು ಧಾರವಾಡದವಳು, ನನ್ನ ಪತಿ ನೇಪಾಳದ ದೂರಪಶ್ಚಿಮ ಭಾಗದ ಡೋಟಿ ಜಿಲ್ಲೆಯವರು. ಇಬ್ಬರೂ ಪುಣೆಯಲ್ಲಿ ಓದಿ, ಇಲ್ಲೇ ಕೆಲಸಕ್ಕೆ ಸೇರಿ, ಇಲ್ಲೇ ಸಂಸಾರ ಹೂಡಿದವರು. ನಾವಿಬ್ಬರೂ ಪರಸ್ಪರ ಮಾತನಾಡುವುದು ಹಿಂದಿಯಲ್ಲಿ. ಏಳು ವರ್ಷದ ಮಗ ನನ್ನೊಂದಿಗೆ ಮತ್ತು ಧಾರವಾಡದ ನನ್ನ ತಾಯಿಯೊಂದಿಗೆ ಕನ್ನಡ ಆಡುತ್ತಾನೆ, ಏಕೆಂದರೆ ನನ್ನ ತಾಯಿಗೆ ಹಿಂದಿ ಬಾರದು. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಕೆಳಗಿನ ಅಂಗಳದಲ್ಲಿ ಮರಾಠಿ-ಹಿಂದಿಗಳ ಬೆರಕೆ. ನೇಪಾಳಿ ಮಾತ್ರ ಅವನ ಬಾಯಿಗೆ ಬರುತ್ತಿಲ್ಲ. ಅಪ್ಪ ಆಡಿದ್ದು ಅವನಿಗೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ.

ಅತ್ತೆಯವರಿಗೆ ಹಿಂದಿ ಚೆನ್ನಾಗಿಯೇ ತಿಳಿಯುವುದರಿಂದ ಫೋನಿನಲ್ಲಿ ಮಾತುಕತೆಗೆ ಅಡ್ಡಿಯೇನೂ ಇಲ್ಲ. ಆದರೆ ಇತ್ತೀಚೆಗೆ ಅವರು, ಮೊಮ್ಮಗ ಟಿವಿಯವರ ಹಾಗೆ ಮಾತನಾಡುತ್ತಾನೆ ಎಂದು ನಗುತ್ತಲೇ ಅಂದರು. ಆ ರಾತ್ರಿ ನನ್ನ ಪತಿ ಸರಿಯಾಗಿ ಊಟ ಮಾಡಲಿಲ್ಲ.

ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನೇಪಾಳಿಗಳು ಮಕ್ಕಳಿಗಾಗಿ ವಾರಾಂತ್ಯದ ಭಾಷಾತರಗತಿ ನಡೆಸುತ್ತಾರೆ. ಇಲ್ಲಿ ಅದರ ಮಾತೆತ್ತಿದರೆ ಪತಿಯ ಊರಿನವರು, ಇದೇನು ಪರದೇಶವೇ ಎಂದು ಕೇಳುತ್ತಾರೆ. 1950ರ ಭಾರತ-ನೇಪಾಳ ಒಪ್ಪಂದದ ಬಳಿಕ ವೀಸಾ ಇಲ್ಲದೆ ಬಂದು ದುಡಿಯುವವರಿಗೆ, ತಲೆಮಾರುಗಳಿಂದ ಮುಂಬೈ-ಪುಣೆಯ ದಾರಿ ಹಿಡಿದ ಕುಟುಂಬಗಳಿಗೆ, ಹಾಗೆನಿಸುವುದು ಸಹಜ. ಇನ್ನೊಂದು ತೊಡಕೂ ಇದೆ: ಅತ್ತೆಯವರ ಮನೆಮಾತು ಡೋಟೇಲಿ, ಅದು ಕಾಠ್ಮಂಡುವಿನ ರೇಡಿಯೊ ನೇಪಾಳಿಗಿಂತ ಬಹಳ ಬೇರೆ. ಮಗನಿಗೆ ಯಾವುದನ್ನು ಕಲಿಸಬೇಕು? ಹಬ್ಬಗಳನ್ನು ಎರಡು ಕೋಣೆಯ ಮನೆಯಲ್ಲಿ ಹೇಗೆ ಉಳಿಸಿಕೊಳ್ಳಬೇಕು? ಬಲ್ಲವರು ತಿಳಿಸಿ.

ಉತ್ತರ 1: ನಿವೃತ್ತ ಶಿಕ್ಷಕ, ಡೊಂಬಿವಿಲಿ

ಉತ್ತರದ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. ಧಾರವಾಡದ ಅಜ್ಜಿಗೆ ಹಿಂದಿ ಬಾರದ್ದರಿಂದ ಹುಡುಗ ಕನ್ನಡವನ್ನು ಹಿಡಿದುಕೊಂಡ. ಡೋಟಿಯ ಅಜ್ಜಿಗೆ ಹಿಂದಿ ತಿಳಿಯುವುದರಿಂದ ನೇಪಾಳಿಯನ್ನು ಬಿಟ್ಟ. ಏಳು ವರ್ಷದವರಿಗೆ ಭಾಷಾಭಿಮಾನ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕೆಲಸ ಸಾಗಿದರೆ ಅವರಿಗೆ ಸಾಕು. ಲಂಡನ್ನಿನ ನೇಪಾಳಿ ಮಗುವಿಗೆ ಇಂಗ್ಲಿಷಿಗೂ ಮನೆಮಾತಿಗೂ ನಡುವಿನ ಬೇಲಿ ಎದ್ದು ಕಾಣುತ್ತದೆ. ಹಿಂದಿ, ಮರಾಠಿ, ನೇಪಾಳಿ ಮೂರೂ ಇಂಡೋ-ಆರ್ಯನ್ ಕುಟುಂಬದವಾದ್ದರಿಂದ ಪುಣೆಯ ಮಗು ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಮನೆಯವರ ಗಮನಕ್ಕೇ ಬರುವುದಿಲ್ಲ. ಪರದೇಶವಲ್ಲ ಎಂಬ ಆ ನಿರಾಳತೆಯಿಂದಲೇ ಇಲ್ಲಿ ಭಾಷೆ ಬೇಗ ಕರಗುತ್ತದೆ ಎಂದು ನನಗೆ ತೋರುತ್ತದೆ.

ಹಾಗೆಂದು ಹಿಂದಿಯನ್ನು ನಿಷೇಧಿಸಲು ಹೋಗಬೇಡಿ. ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ನೇಪಾಳಿ ಬರುವುದಿಲ್ಲ. ಮಗ ಹಿಂದಿಯಲ್ಲಿ ಹೇಳಿದ್ದನ್ನು ತಂದೆ ಗದರದೆ ನೇಪಾಳಿಯಲ್ಲಿ ಮರಳಿ ಹೇಳಿ ಮಾತು ಮುಂದುವರಿಸಲಿ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಪಾಲಿನದು: ಊಟದ ಹೊತ್ತಿನಲ್ಲಾದರೂ ನೀವು ಪತಿಯೊಂದಿಗೆ ನೇಪಾಳಿಯಲ್ಲಿ ಮಾತನಾಡಲು ತೊಡಗಿ. ಅಪ್ಪ ಅಮ್ಮ ಇಬ್ಬರೂ ಹಿಂದಿಯಾಡುತ್ತಿದ್ದರೆ ಮನೆಯ ಮುಖ್ಯ ಭಾಷೆ ಅದೇ ಎಂದು ಮಗು ತೀರ್ಮಾನಿಸುತ್ತದೆ. ನೀವು ತಡವರಿಸುತ್ತ ಕಲಿಯಲು ಕುಳಿತರೆ, ಅಮ್ಮನನ್ನು ತಿದ್ದುವ ಸುಖಕ್ಕಾಗಿಯೇ ಅವನು ಬಾಯಿ ತೆರೆಯುತ್ತಾನೆ.

ಕನ್ನಡದಿಂದ ಅವನಿಗೆ ಸಿಗುವ ಒಂದು ಅನುಕೂಲವನ್ನು ಹೇಳಲೇಬೇಕು. ನಾವು ಮನುಷ್ಯರಿಗೆ ಇಬ್ಬರು, ವಸ್ತುಗಳಿಗೆ ಎರಡು ಎನ್ನುವಂತೆ, ನೇಪಾಳಿಯೂ ಎಣಿಸುವಾಗ ಮನುಷ್ಯರಿಗೆ ‘ಜನಾ’, ವಸ್ತುಗಳಿಗೆ ‘ವಟಾ’ ಸೇರಿಸಿ ಬೇರ್ಪಡಿಸುತ್ತದೆ. ಹಿಂದಿಯಲ್ಲಿ ಈ ಭೇದ ಇಲ್ಲ. ಹಿಂದಿಯ ಮೂಲಕ ನೇಪಾಳಿ ಕಲಿತವರು ಎಡವುವ ಈ ಜಾಗದಲ್ಲಿ ಕನ್ನಡದ ಮಗು ಸಲೀಸಾಗಿ ನಡೆಯಬಲ್ಲದು. ಲಿಪಿಯ ಚಿಂತೆಯಂತೂ ಬೇಡ. 2020ರ ಕಾನೂನಿನಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿರುವುದರಿಂದ ದೇವನಾಗರಿ ಅವನಿಗೆ ತಾನಾಗಿ ಬಂದಿರುತ್ತದೆ. ಮರಾಠಿಯ ‘ಚೋರ’ದಲ್ಲಿ ಹಲ್ಲಿನ ಹತ್ತಿರ ಹುಟ್ಟುವ ಚಕಾರವಿದೆಯಲ್ಲ, ನೇಪಾಳಿಯ ಚಕಾರವೂ ಅದಕ್ಕೆ ಸಮೀಪದ್ದು.

ಉತ್ತರ 2: ಕಾರವಾರದವ, ವಾಸ್ಕೊ, ಗೋವಾ

ಮೇಷ್ಟ್ರ ಮಾತಿಗೆ ಒಂದು ಸೇರಿಕೆ. ನೇಪಾಳಿಯನ್ನು ಹೊರದೇಶದ ಭಾಷೆಯೆಂದಷ್ಟೇ ನೋಡಬೇಕಾಗಿಲ್ಲ. 1992ರಲ್ಲಿ ಸಂವಿಧಾನದ 71ನೇ ತಿದ್ದುಪಡಿಯ ಮೂಲಕ ನಮ್ಮ ಕೊಂಕಣಿ ಎಂಟನೇ ಪರಿಚ್ಛೇದಕ್ಕೆ ಸೇರಿದಾಗ, ಅದರ ಜತೆಯಲ್ಲೇ ಸೇರಿದ್ದು ಮಣಿಪುರಿ ಮತ್ತು ನೇಪಾಳಿ. ಅದಕ್ಕೂ ಮೊದಲೇ, 1977ರಿಂದ, ಕೇಂದ್ರ ಸಾಹಿತ್ಯ ಅಕಾಡೆಮಿ ನೇಪಾಳಿ ಕೃತಿಗಳಿಗೆ ಪ್ರಶಸ್ತಿ ಕೊಡುತ್ತಿದೆ. ಡಾರ್ಜಿಲಿಂಗ್‌ನ ನೇಪಾಳಿ ಸಾಹಿತ್ಯ ಸಮ್ಮೇಳನ ಎಂಬ ಸಂಸ್ಥೆ 1924ರಷ್ಟು ಹಳೆಯದು. ಸಿಕ್ಕಿಂ ಮತ್ತು ಡಾರ್ಜಿಲಿಂಗ್ ಶಾಲೆಗಳಲ್ಲಿ ನೇಪಾಳಿ ಕಲಿಸುತ್ತಾರೆ, ಸಿಬಿಎಸ್‌ಇ ವಿಷಯಗಳ ಪಟ್ಟಿಯಲ್ಲೂ ಅದಿದೆ. ಆದ್ದರಿಂದ ಮಕ್ಕಳ ಪಠ್ಯಪುಸ್ತಕಗಳಿಗಾಗಿ ಕಾಠ್ಮಂಡುವಿನಿಂದ ಬರುವ ನೆಂಟರನ್ನು ಕಾಯುವ ಅಗತ್ಯವಿಲ್ಲ.

ಯಾವುದನ್ನು ಕಲಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ: ಪುಸ್ತಕದ ನೇಪಾಳಿ. ಓದಲು ಪುಸ್ತಕ, ಕೇಳಲು ಸುದ್ದಿ, ಬರೆಯಲು ವ್ಯಾಕರಣ ಎಲ್ಲವೂ ಹೇರಳವಾಗಿ ಸಿಗುವುದು ಅದರಲ್ಲಿ. ಕಾರವಾರದ ಕೊಂಕಣಿಯಾಡುವ ನಾನು ಗೋವಾಕ್ಕೆ ಬಂದು ಇಲ್ಲಿನ ಬರಹದ ಕೊಂಕಣಿಗೆ ಒಗ್ಗಿಕೊಂಡೆ, ಮನೆಮಾತೇನೂ ಕೆಡಲಿಲ್ಲ.

ಉತ್ತರ 3: ಬೆಳಗಾವಿಯ ಗೃಹಿಣಿ, ಪಿಂಪ್ರಿ

ವಾಸ್ಕೊದವರ ಮಾತನ್ನು ನಾನು ಒಪ್ಪುವುದಿಲ್ಲ. ನೀವು ದೊಡ್ಡವರಾಗಿ ಒಗ್ಗಿಕೊಂಡಿರಿ, ಮನೆಮಾತು ಅದಾಗಲೇ ಗಟ್ಟಿಯಾಗಿತ್ತು. ಈ ಹುಡುಗನಿಗೆ ಮನೆಮಾತೇ ಇನ್ನೂ ಬಂದಿಲ್ಲ. ನೇಪಾಳದ 2021ರ ಜನಗಣತಿಯಲ್ಲಿ ದಾಖಲಾದ ಮಾತೃಭಾಷೆಗಳು 124. ನೇಪಾಳಿಯನ್ನು ಮಾತೃಭಾಷೆಯೆಂದವರು ನೂರಕ್ಕೆ ಸುಮಾರು 45 ಮಂದಿ ಮಾತ್ರ. ಡೋಟೇಲಿ ಆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಾಗಿಯೇ ಇದೆ. ಪುಸ್ತಕದ ನೇಪಾಳಿಯನ್ನು ಹುಡುಗ ಹದಿನೈದನೇ ವಯಸ್ಸಿನಲ್ಲೂ ಕಲಿಯಬಹುದು, ಆದರೆ ಅಜ್ಜಿಯ ಡೋಟೇಲಿಯನ್ನು ಅಜ್ಜಿಯಿಂದಲ್ಲದೆ ಬೇರೆಲ್ಲಿ ಕಲಿಯುತ್ತಾನೆ? ಅಜ್ಜಿಯನ್ನು ವರ್ಷಕ್ಕೊಮ್ಮೆ ಪುಣೆಗೆ ಕರೆಸಿಕೊಳ್ಳಿ, ಇಲ್ಲವೇ ಮಗನನ್ನು ರಜೆಯಲ್ಲಿ ಅಲ್ಲಿಗೆ ಕಳುಹಿಸಿ. ಓರಗೆಯ ಮಕ್ಕಳೊಂದಿಗೆ ಹೊಲ-ಗದ್ದೆ ಸುತ್ತಿದ ಒಂದು ರಜೆಯಲ್ಲಿ ಬರುವಷ್ಟು ಮಾತು ಯಾವ ತರಗತಿಯಲ್ಲೂ ಬರುವುದಿಲ್ಲ.

ಹಬ್ಬಗಳ ವಿಷಯದಲ್ಲಿ ನೀವು ನಿಜಕ್ಕೂ ಅದೃಷ್ಟವಂತರು. ನೇಪಾಳಿಗಳ ದಸರೆಯಾದ ದಶೈಂ ಆರಂಭವಾಗುವುದು ನಮ್ಮ ನವರಾತ್ರಿಯ ಘಟಸ್ಥಾಪನೆಯ ದಿನವೇ. ನಮ್ಮ ಬೆಳಗಾವಿ-ಧಾರವಾಡದ ಕಡೆಯೂ ಪುಣೆಯ ಕಡೆಯೂ ಘಟದ ಸುತ್ತ ಮಣ್ಣಿನಲ್ಲಿ ಕಾಳು ಬಿತ್ತುವ ಪದ್ಧತಿಯಿದೆಯಷ್ಟೆ. ನೇಪಾಳಿಗಳು ಜವೆಯನ್ನು ಬಿತ್ತಿ ಬೆಳಕು ಬೀಳದ ಕಡೆ ಇಡುತ್ತಾರೆ. ಹಾಗಾಗಿ ಮೊಳಕೆ ಹಳದಿ ಬಣ್ಣಕ್ಕೆ ಬೆಳೆಯುತ್ತದೆ. ಅದೇ ಜಮರಾ. ವಿಜಯದಶಮಿಯಂದು ಹಿರಿಯರು ಅಕ್ಕಿ, ಮೊಸರು, ಕೆಂಪು ಅಬೀರ ಕಲಸಿದ ಟೀಕಾವನ್ನು ಕಿರಿಯರ ಹಣೆಗಿಟ್ಟು, ಜಮರಾ ಮುಡಿಸಿ, ಹರಸಿ, ಕೈಗೆ ದಕ್ಷಿಣೆ ಕೊಡುತ್ತಾರೆ. ಮನೆಯಲ್ಲಿ ಸೂತಕವಿದ್ದ ವರ್ಷ ಟೀಕಾ ಇಲ್ಲ. ಟೀಕಾ ಪಡೆಯುವ ಅವಕಾಶ ಮುಂದಿನ ಹುಣ್ಣಿಮೆಯವರೆಗೂ ಇರುವುದರಿಂದ ದಶಮಿಯಂದೇ ಎಲ್ಲವೂ ಮುಗಿಯಬೇಕೆಂಬ ಧಾವಂತ ಬೇಡ. ನಡುವಿನ ಭಾನುವಾರ ಪತಿಯ ಊರಿನ ಹಿರಿಯರ ಮನೆಗೆ ಹೋಗಿ ಪಡೆಯಬಹುದು. ದಶಮಿಯ ಸಂಜೆ ನಿಮ್ಮ ಬನ್ನಿ, ಪುಣೆಯವರ ಆಪ್ಟ್ಯಾ ಎಲೆ, ಎಲ್ಲವೂ ಮಗನ ಕೈಗೆ ಬರಲಿ. ಟೀಕಾ ಇಡುವಾಗಿನ ಹರಕೆಯ ಮಾತುಗಳನ್ನು ಮಾತ್ರ ಹಿಂದಿಗೆ ತಿರುಗಿಸಬೇಡಿ.

ತಿಹಾರ್ ನಮ್ಮ ದೀಪಾವಳಿಯ ಹೊತ್ತಿಗೇ ಬರುತ್ತದೆ: ಮೊದಲ ದಿನ ಕಾಗೆಗೆ, ಮರುದಿನ ನಾಯಿಗೆ, ಆಮೇಲೆ ಹಸುವಿಗೆ ಪೂಜೆ. ನಾಯಿಯ ಕೊರಳಿಗೆ ಹಾರ ಹಾಕುವ ದಿನವನ್ನು ಯಾವ ಮಗುವೂ ಮರೆಯದು, ಸೊಸೈಟಿಯ ಕಾರ್ಯದರ್ಶಿಗಳು ಏನೇ ಅನ್ನಲಿ. ಕೊನೆಯ ದಿನದ ಭಾಯಿ ಟೀಕಾ ಮತ್ತು ಮರಾಠಿಗರ ಭಾವುಬೀಜ ಒಂದೇ ದಿನ. ಅಂದು ಅಕ್ಕತಂಗಿಯರು ಏಳು ಬಣ್ಣದ ಟೀಕಾ ಇಟ್ಟು, ಮಖಮಲಿ ಹೂವಿನ ಮಾಲೆ ಹಾಕಿ, ಹೊಸ್ತಿಲಲ್ಲಿ ಅಕ್ರೋಟು ಒಡೆಯುತ್ತಾರೆ.

ಆದರೆ ಡೋಟಿಯವರ ಮನಸ್ಸಿಗೆ ಹತ್ತಿರದ್ದು ಭಾದ್ರಪದದ ಗೌರಾ ಹಬ್ಬ. ಐದು ಬಗೆಯ ಕಾಳುಗಳನ್ನು ತಾಮ್ರದ ಪಾತ್ರೆಯಲ್ಲಿ ನೆನೆಹಾಕುವ ಬಿರುಡಾದಿಂದ ಅದು ಆರಂಭ. ಹೆಂಗಸರು ಗೌರಿಯನ್ನು ಪೂಜಿಸುತ್ತಾರೆ, ಊರವರು ಕೈಕೈ ಹಿಡಿದು ಸುತ್ತುಗಟ್ಟಿ ಹೆಜ್ಜೆ ಹಾಕುತ್ತ ದೇಉಡಾ ಹಾಡುತ್ತಾರೆ. ಒಂದು ಗುಂಪು ಸ್ಥಳದಲ್ಲೇ ಕಟ್ಟಿದ ಪದಕ್ಕೆ ಇನ್ನೊಂದು ಗುಂಪು ಪದದಲ್ಲೇ ಉತ್ತರ ಕೊಡಬೇಕು. ಭಾಷೆ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ತಿಳಿದಿಲ್ಲ, ಇಲ್ಲಿ ಹಿಂದಿಯಲ್ಲಿ ಉತ್ತರ ಕೊಟ್ಟರೆ ಸೋತಂತೆಯೇ!

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರೊಂದಿಗೆ ಡೋಟೇಲಿ, ಓದು-ಬರಹಕ್ಕೆ ಮುಂದೆ ಪುಸ್ತಕದ ನೇಪಾಳಿ ಎಂದು ನಾವು ತೀರ್ಮಾನಿಸಿದ್ದೇವೆ. ಮೇಷ್ಟ್ರು ಹೇಳಿದಂತೆ ಊಟದ ಹೊತ್ತಿನ ನೇಪಾಳಿಯನ್ನು ಆರಂಭಿಸಿದ್ದೇವೆ; ನನ್ನ ಕ್ರಿಯಾಪದಗಳನ್ನು ಮಗ ತಿದ್ದುತ್ತಿದ್ದಾನೆ, ಕೆಲವೊಮ್ಮೆ ತಪ್ಪಾಗಿ ತಿದ್ದುತ್ತಾನೆ, ಆಗ ಅವನ ಅಪ್ಪ ನಡುವೆ ಬರುತ್ತಾರೆ. ಪತಿಗೆ ದೇಉಡಾದ ಹೆಜ್ಜೆಗಳು ನೆನಪಿವೆಯಂತೆ, ಆದರೆ ಇಬ್ಬರಿಂದ ಸುತ್ತು ಕಟ್ಟಲಾಗದು. ಪಿಂಪ್ರಿ-ಚಿಂಚ್ವಡದ ಕಡೆ ಡೋಟಿ, ಅಛಾಮ್, ಬಝಾಂಗ್ ಮೂಲದ ಕುಟುಂಬಗಳು ಸೇರಿ ಗೌರಾ ಆಚರಿಸುವುದಿದ್ದರೆ ದಯವಿಟ್ಟು ಇಲ್ಲಿ ತಿಳಿಸಿ. ಬಿರುಡಾದ ಕಾಳು ನೆನೆಹಾಕುವ ಕೆಲಸ ನನಗಿರಲಿ.