ಪದಚರ್ಚೆ: ಕಾಂಕ್ರೀಟಿನ 'ಫಿಲ್ಲರ್'ಗೆ ಕನ್ನಡದಲ್ಲಿ ಏನೆನ್ನಬೇಕು?

ಧಾರವಾಡದಿಂದ:

ಮಾನ್ಯರೆ, ನಮ್ಮ ಕಾಲೇಜಿನ ಸಿವಿಲ್ ವಿಭಾಗದ ಪ್ರದರ್ಶನದ ಫಲಕವೊಂದು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾಗಿದೆ. ಸಿಮೆಂಟಿನ ಬದಲು ಪಾಲಿಯೆಸ್ಟರ್ ರಾಳ ಹಾಕಿ ಮಾಡಿದ ಕಾಂಕ್ರೀಟಿನಲ್ಲಿ (ಪಾಲಿಮರ್ ಕಾಂಕ್ರೀಟಿನಲ್ಲಿ) 'ಫಿಲ್ಲರ್' ಆಗಿ ಸಂದು ತುಂಬುವ ಸಿಲಿಕಾ ಪುಡಿಯ ಜಾಗಕ್ಕೆ ಕಲ್ಲಿದ್ದಲು ಉರಿದಾಗ ಸಿಗುವ ಹಾರುಬೂದಿ, ಗ್ರಾನೈಟ್ ಪುಡಿ ಅಥವಾ ಭತ್ತದ ಹೊಟ್ಟಿನ ಬೂದಿ ಬಂದರೆ ಅದರ ಬಲ ಮುಂದೆ ಏನಾಗುತ್ತದೆ ಎಂಬುದು ವಿಷಯ. 'ಪರ್ಯಾಯ ಭರ್ತಿಸಾಮಗ್ರಿಯುಕ್ತ ಪಾಲಿಮರ್ ಕಾಂಕ್ರೀಟಿನ ದೀರ್ಘಕಾಲೀನ ಶಕ್ತಿ' ಎಂದು ಬರೆದಿದ್ದೇನೆ. ನೋಡಲು ಬರುವವರಲ್ಲಿ ಗೌಂಡಿಗಳೂ ಗುತ್ತಿಗೆದಾರರೂ ಇರುತ್ತಾರೆ. ತಿದ್ದಿ ಕೊಡಬೇಕೆಂದು ವಿನಂತಿ.

ಗದಗದಿಂದ:

'ಭರ್ತಿಸಾಮಗ್ರಿಯುಕ್ತ' ಎಂಬುದು ಕನ್ನಡವಲ್ಲ. ಸಂಸ್ಕೃತದ 'ಪೂರಣ'ವು ಪಕಾರ ಹಕಾರವಾಗಿ ನಮ್ಮಲ್ಲಿ 'ಹೂರಣ'ವಾಗಿದೆ. 'ಪೂರ್ಣಿಮಾ' 'ಹುಣ್ಣಿಮೆ'ಯಾದದ್ದೂ ಇದೇ ದಾರಿಯಲ್ಲಿ. ಒಳಗೆ ತುಂಬುವ ವಸ್ತುವಿಗೆ ಇಷ್ಟು ಸೊಗಸಾದ ತದ್ಭವ ಇರುವಾಗ ಹುಡುಕಾಟವೇಕೆ? 'ಕಾಂಕ್ರೀಟ್' ಕೂಡ ಬೇಡ, 'ಗಾರೆ' ಎನ್ನಿರಿ. ಎರವಲು ಪದಗಳಿಗೆ ಹೀಗೆ ಬಾಗಿಲು ತೆರೆದಿಟ್ಟರೆ ನಾಳೆ ವಿಭಕ್ತಿ ಪ್ರತ್ಯಯಗಳು ಮಾತ್ರ ನಮ್ಮವಾಗಿ ಉಳಿದಾವು.

ಹುಬ್ಬಳ್ಳಿಯಿಂದ:

ಗದಗಿನ ಹಿರಿಯರು ಹೇಳಿದ ವ್ಯುತ್ಪತ್ತಿಗೆ ನನ್ನ ತಕರಾರಿಲ್ಲ. ಆದರೆ ಆ ಪದ ಇಲ್ಲಿ ಸಲ್ಲದು. ಹೂರಣವನ್ನು ಕಣಕ ಸುತ್ತುವರಿದಿರುತ್ತದೆ. ಈ ಪುಡಿಯಾದರೋ ರಾಳದೊಡನೆ ಬೆರೆತು, ಖಡಿ ಮತ್ತು ಉಸುಕಿನ ಕಾಳುಗಳ ನಡುವಿನ ಸಂದುಗಳಲ್ಲೆಲ್ಲ ಹರಡಿಕೊಂಡಿರುತ್ತದೆ. 'ಗಾರೆ'ಯನ್ನಂತೂ ಒಪ್ಪಲಾರೆ. ಗೌಂಡಿಗೆ ಗಾರೆ ಎಂದರೆ ಸುಣ್ಣ ಅಥವಾ ಸಿಮೆಂಟಿನೊಡನೆ ಉಸುಕನ್ನು ಕಲಸಿದ್ದು, ಖಡಿ ಬಿದ್ದರೆ ಅದು ಕಾಂಕ್ರೀಟು. ಮರಾಠಿಯೊಡನೆ ನಾವು ಹಂಚಿಕೊಂಡ 'ಖಡಿ' ಈ ಭಾಗದಲ್ಲಿ ಮನೆಮಾತಾಗಿರುವಾಗ 'ಕಾಂಕ್ರೀಟ'ನ್ನು ಮಾತ್ರ ಹೊರಗೆ ನಿಲ್ಲಿಸುವುದು ಯಾವ ನ್ಯಾಯ?

'ತುಂಬುಪುಡಿ' ಎಂದು ಬರೆಯಿರಿ. ಅದು ಪುಡಿ ಎಂಬುದೂ ಸಂದು ತುಂಬುತ್ತದೆ ಎಂಬುದೂ ಒಂದೇ ಪದದಲ್ಲಿ ತಿಳಿಯುತ್ತದೆ. ಆದರೆ ಅದು ಬರೀ ಜಾಗ ತುಂಬುವ ವಸ್ತು ಎಂಬ ಭಾವನೆ ಬಾರದಂತೆ ಫಲಕದ ವಿವರಣೆಯಲ್ಲಿ ಒಂದು ಮಾತು ಸೇರಿಸುವುದು ಅವಶ್ಯ. ಹಾರುಬೂದಿಯ ಕಣಗಳು ಹೆಚ್ಚಾಗಿ ದುಂಡಗಿರುವುದರಿಂದ ಕಲಸು ಸರಾಗವಾಗಿ ಹರಿಯುತ್ತದೆ, ರಾಳ ಕಡಿಮೆ ಸಾಕಾಗುತ್ತದೆ. ಗ್ರಾನೈಟ್ ಪುಡಿಯ ಕಣಗಳಿಗೆ ಮೂಲೆ ಮೊನೆಗಳಿರುತ್ತವೆ. ಭತ್ತದ ಹೊಟ್ಟಿನ ಬೂದಿಯ ಕಣಗಳೊಳಗೆ ಸಣ್ಣ ರಂಧ್ರಗಳಿದ್ದು, ಅದು ರಾಳವನ್ನು ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಕುಗ್ಗುವುದೂ, ಮುಂದೆ ಭಾರ ಹೊತ್ತು ನಿಂತಾಗ ನಿಧಾನವಾಗಿ ಬಾಗುವುದೂ ಮುಖ್ಯವಾಗಿ ರಾಳವೇ ಆದ್ದರಿಂದ, ಯಾವ ಪುಡಿಗೆ ಎಷ್ಟು ರಾಳ ಬೇಕಾಗುತ್ತದೆ ಎಂಬುದು ವರ್ಷಗಳಾಚೆಯ ಬಲವನ್ನೂ ಮುಟ್ಟುತ್ತದೆ.

ನಿಜವಾದ ತೊಡಕು ಇರುವುದು 'ದೀರ್ಘಕಾಲೀನ ಶಕ್ತಿ'ಯಲ್ಲಿ, ಅದನ್ನು ಯಾರೂ ಮುಟ್ಟಿಲ್ಲ. 'ಶಕ್ತಿ' ಎಂದರೆ ಓದುವವರಿಗೆ ವಿದ್ಯುತ್ತು ನೆನಪಾಗುತ್ತದೆ, 'ಬಲ' ಸಾಕು. ಎಂ20 ಕಾಂಕ್ರೀಟೆಂದರೆ 150 ಮಿಲಿಮೀಟರಿನ ಘನವನ್ನು 28 ದಿನಗಳ ನಂತರ ಯಂತ್ರದಲ್ಲಿ ಒತ್ತಿದಾಗ 20 ಮೆಗಾಪ್ಯಾಸ್ಕಲ್ ತಾಳಬೇಕಾದದ್ದು ಎಂಬುದು ಗುತ್ತಿಗೆದಾರರಿಗೆಲ್ಲ ಗೊತ್ತು, ಸಿಮೆಂಟಿನದು ಅನಂತರವೂ ಸ್ವಲ್ಪಸ್ವಲ್ಪ ಬಲ ಪಡೆಯುತ್ತ ಹೋಗುತ್ತದೆ ಎಂಬುದೂ ಗೊತ್ತು. ಪಾಲಿಮರ್ ಕಾಂಕ್ರೀಟು ತನ್ನ ಬಲದ ಬಹುಪಾಲನ್ನು ಮೊದಲ ಕೆಲವು ದಿನಗಳಲ್ಲೇ ಪಡೆದುಬಿಡುತ್ತದೆ. ಆಮೇಲಿನ ಪ್ರಶ್ನೆ ಎಷ್ಟು ಬೆಳೆಯಿತು ಎಂಬುದಲ್ಲ, ಎಷ್ಟು ಉಳಿಯಿತು ಎಂಬುದು. ಸದಾ ಹೇರಿದ ಭಾರದಡಿ ಅದು ತಾಳುವ ಒತ್ತಡವು ಒಮ್ಮೆ ಒತ್ತಿ ನೋಡಿದಾಗಿನದಕ್ಕಿಂತ ಕಡಿಮೆ. ಬಿಸಿ ಏರಿದರೆ ಬಾಗುವಿಕೆ ಹೆಚ್ಚುತ್ತದೆ. ಪಾಲಿಯೆಸ್ಟರ್ ರಾಳವನ್ನು ಕ್ಷಾರವು ಕಾಲಾಂತರದಲ್ಲಿ ಒಡೆಯುತ್ತದೆ. ಹೀಗೆ ಉಳಿಯುವ ಬಲವನ್ನು 'ಬಾಳಿಕೆ' ಎಂದೂ ಬರೆಯಬೇಡಿ. ನೀರು, ಕ್ಷಾರ, ಬಿಸಿಲುಗಳನ್ನು ತಾಳಿ ಕೆಡದೆ ಇರುವುದೆಲ್ಲ ಬಾಳಿಕೆಯೊಳಗೆ ಬರುತ್ತದೆ, ನಿಮ್ಮ ಅಳತೆ ಅದರಲ್ಲಿ ಒಂದು ಭಾಗ ಮಾತ್ರ.

'ಪರ್ಯಾಯ'ವನ್ನು ಬಿಟ್ಟು ಪುಡಿಗಳನ್ನೇ ಹೆಸರಿಸಿರಿ, ಯಾವುದರ ಬದಲಿಗೆಂಬುದನ್ನು ಕೆಳಗಿನ ವಿವರಣೆ ಹೇಳಲಿ. ಅಚ್ಚಿಗೆ ಹೀಗೆ ಕಳುಹಿಸಬಹುದು: 'ಹಾರುಬೂದಿ, ಗ್ರಾನೈಟ್ ಪುಡಿ, ಭತ್ತದ ಹೊಟ್ಟಿನ ಬೂದಿ ತುಂಬುಪುಡಿಯಾಗಿರುವ ಪಾಲಿಮರ್ ಕಾಂಕ್ರೀಟಿನಲ್ಲಿ ವರ್ಷಗಳ ನಂತರ ಉಳಿಯುವ ಬಲ'.